ಸಾಕುಪ್ರಾಣಿಗೆ ತುರ್ತು ಚಿಕಿತ್ಸೆ: ಮನೆಯ ಅಂಗಳದಿಂದ ವೈದ್ಯರ ಮೇಜಿನವರೆಗೆ

ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ ಗ್ರಾಮದ ಸುತ್ತ ಇರುವುದು ಯರಿಭೂಮಿ. ಹತ್ತಿ, ಮೆಣಸಿನಕಾಯಿ, ಕಡಲೆ, ಜೋಳ ಈ ಭಾಗದ ಬೆಳೆಗಳು. ಹತ್ತಿ, ಮೆಣಸಿನಕಾಯಿ ಇದ್ದ ಕಡೆ ಕೀಟನಾಶಕವೂ ಇರುತ್ತದೆ. ಇಲ್ಲಿಯ ಆಡುಮಾತಿನಲ್ಲಿ ಅದು ‘ಎಣ್ಣಿ’. ಹೊಲ ಕಾಯಲು, ಮನೆ ಕಾಯಲು ನಾಯಿಯೂ ಇರುತ್ತದೆ. ಎಣ್ಣಿ ಮತ್ತು ನಾಯಿ ಒಂದೇ ಅಂಗಳದಲ್ಲಿರುವಾಗ ಒಂದಲ್ಲ ಒಂದು ದಿನ ಅವೆರಡೂ ಭೇಟಿಯಾಗುತ್ತವೆ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಸಂಜೆ ಏಳು ಗಂಟೆ. ಹೊಲಕ್ಕೆ ಎಣ್ಣಿ ಹೊಡೆದು ಬಂದ ರೈತ ಬಕೆಟ್ಟನ್ನು ತೊಳೆಯದೆ ಹಿತ್ತಲಲ್ಲಿ ಇಟ್ಟಿದ್ದಾನೆ. ತಳದಲ್ಲಿ ಉಳಿದ ನೀರನ್ನು ಮನೆಯ ನಾಯಿ ಮೋತಿ ನೆಕ್ಕಿದೆ. ಅರ್ಧ ಗಂಟೆಯೊಳಗೆ ಅದರ ಬಾಯಿಂದ ಜೊಲ್ಲು ಸುರಿಯತೊಡಗುತ್ತದೆ, ಹಿಂಗಾಲು ತಡವರಿಸುತ್ತವೆ. ಮಗಳು ಓಡಿ ಬಂದು, “ಯಪ್ಪಾ, ಲಗೂ ಬಾ, ಮೋತಿ ಮೈಯೆಲ್ಲಾ ನಡಗಾಕತ್ತೈತಿ” ಎನ್ನುತ್ತಾಳೆ. ನೆರೆಯವರು ಸೇರುತ್ತಾರೆ. ಒಬ್ಬರು ಹುಣಸೆ ನೀರು ಕುಡಿಸಿ ಎನ್ನುತ್ತಾರೆ, ಇನ್ನೊಬ್ಬರು ಹಾಲು, ಮತ್ತೊಬ್ಬರು ಹಸಿ ಮೊಟ್ಟೆ. ರೈತ ಹುಬ್ಬಳ್ಳಿಯ ಪಶುವೈದ್ಯರಿಗೆ ಫೋನ್ ಮಾಡುತ್ತಾನೆ. ಆ ಕಡೆಯಿಂದ ಬರುವುದು ಬರೀ ಪ್ರಶ್ನೆಗಳು: “ಏನ ಕುಡದೈತಿ? ಎಷ್ಟೊತ್ತಾತು? ತೂಕ ಎಷ್ಟ ಇದ್ದೀತು? ಉಸರ ಹೆಂಗ ಆಡ್ತೈತಿ?” ಕೊನೆಗೆ ಎರಡು ಸೂಚನೆ: “ಬಾಯಾಗ ಏನೂ ಹಾಕಬ್ಯಾಡ್ರಿ. ಎಣ್ಣಿ ಡಬ್ಬಿ ಸಂಗಾಟ ತಗೊಂಡ ಬರ್ರಿ.”

ಪ್ರಾಣ ಹೋಗುವಂತಿರುವಾಗ ಇಷ್ಟೊಂದು ಪ್ರಶ್ನೆ ಏಕೆ? ಬಾಯಿಗೆ ಏನೂ ಹಾಕಬಾರದೇಕೆ? ಖಾಲಿ ಡಬ್ಬಿಯಿಂದ ವೈದ್ಯರಿಗೆ ಏನು ಪ್ರಯೋಜನ? ಈ ಪ್ರಶ್ನೆಗಳಿಗೆ ಉತ್ತರ ತಿಳಿದರೆ ಪಶುವೈದ್ಯಕೀಯ ತುರ್ತು ಚಿಕಿತ್ಸೆಯ ತಿರುಳು ತಿಳಿದಂತೆ. ಮೋತಿಯ ಚಿಕಿತ್ಸೆಯ ಅರ್ಧ ಭಾಗ ಆಸ್ಪತ್ರೆ ತಲುಪುವ ಮೊದಲೇ ನಡೆದುಹೋಗಿರುತ್ತದೆ. ಅದು ಸರಿಯಾಗಿ ನಡೆಯಿತೋ ಇಲ್ಲವೋ ಎಂಬುದು ಸಾಕಿದವರ ಕೈಯಲ್ಲಿದೆ.

ತುರ್ತು ಎಂದರೆ ಯಾವುದು?

ನಾಯಿ ಒಂದು ಹೊತ್ತು ಊಟ ಬಿಟ್ಟರೆ, ಒಮ್ಮೆ ವಾಂತಿ ಮಾಡಿದರೆ ಮರುದಿನದವರೆಗೆ ಕಾಯಬಹುದು. ಆದರೆ ಕೆಲವು ಲಕ್ಷಣಗಳಿಗೆ ಬೆಳಗಿನವರೆಗೆ ಕಾಯುವಂತಿಲ್ಲ. ಉಸಿರಾಟಕ್ಕೆ ಕಷ್ಟ, ನಿಲ್ಲದ ರಕ್ತಸ್ರಾವ, ಪ್ರಜ್ಞೆ ತಪ್ಪುವುದು, ಸೆಳವು, ವಿಷಪ್ರಾಶನ, ಹಾವು ಕಡಿತ, ವಾಹನ ಬಡಿದ ಪೆಟ್ಟು, ಬಿಸಿಲಿನ ಹೊಡೆತ ಇವು ಎಲ್ಲರಿಗೂ ತಿಳಿಯುವಂಥವು. ಸುಲಭವಾಗಿ ಕಣ್ಣಿಗೆ ಬೀಳದ ಕೆಲವು ಇವೆ. ಅವನ್ನು ವಿಶೇಷವಾಗಿ ನೆನಪಿಡಬೇಕು.

ದೊಡ್ಡ ಎದೆಯ, ಎತ್ತರದ ನಾಯಿ ಊಟದ ನಂತರ ಹೊಟ್ಟೆ ಉಬ್ಬಿಸಿಕೊಂಡು, ವಾಂತಿ ಬಂದಂತೆ ಮಾಡಿದರೂ ಏನೂ ಹೊರಬರದಿದ್ದರೆ ಅದರ ಜಠರ ತಿರುಚಿಕೊಂಡಿರುವ ಸಂಭವವಿದೆ. ತಿರುಚಿದ ಜಠರಕ್ಕೆ ರಕ್ತ ಹರಿಯುವುದಿಲ್ಲ. ಗಾಳಿ ತೆಗೆದು ಶಸ್ತ್ರಚಿಕಿತ್ಸೆ ಮಾಡದಿದ್ದರೆ ಕೆಲವೇ ಗಂಟೆಗಳಲ್ಲಿ ಸಾವು ಖಚಿತ. ಗಂಡು ಬೆಕ್ಕು ಪದೇ ಪದೇ ಮೂತ್ರಕ್ಕೆ ಕುಳಿತು ಒಂದು ಹನಿಯೂ ಹೋಗದಿದ್ದರೆ ಮೂತ್ರನಾಳ ಕಟ್ಟಿದೆ ಎಂದರ್ಥ. ಮನೆಯವರು ಮಲಬದ್ಧತೆ ಎಂದುಕೊಂಡು ಎರಡು ದಿನ ಕಳೆಯುತ್ತಾರೆ. ಅಷ್ಟರಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ನಿಧಾನವಾಗಿ ನಿಲ್ಲುವ ಹಂತ ತಲುಪುತ್ತದೆ. ಮರಿ ಹಾಕುವ ನಾಯಿ ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಅಥವಾ ಮೊದಲ ಮರಿ ಬರುವ ಮೊದಲೇ ಹಸಿರುಗಪ್ಪು ಸ್ರಾವ ಕಂಡರೆ ತಡಮಾಡುವಂತಿಲ್ಲ. ಮರಿ ಹಾಕಿ ಎರಡು ಮೂರು ವಾರವಾದ ಚಿಕ್ಕ ತಳಿಯ ತಾಯಿ ನಾಯಿ ನಡುಗುತ್ತಿದ್ದರೆ ಅದು ಚಳಿಯೂ ಅಲ್ಲ, ದೃಷ್ಟಿಯೂ ಅಲ್ಲ. ಹಾಲಿನಲ್ಲಿ ಕ್ಯಾಲ್ಸಿಯಂ ಹರಿದುಹೋಗಿ ರಕ್ತದಲ್ಲಿ ಅದರ ಕೊರತೆಯಾಗಿದೆ. ವೈದ್ಯರು ಹೃದಯದ ಬಡಿತ ಕೇಳುತ್ತ ನಿಧಾನವಾಗಿ ಅಭಿಧಮನಿಗೆ ಕ್ಯಾಲ್ಸಿಯಂ ಕೊಟ್ಟರೆ ಮೇಜಿನ ಮೇಲೆಯೇ ನಡುಕ ನಿಲ್ಲುತ್ತದೆ.

ಮನೆಯಲ್ಲೇ ನೋಡಬಹುದಾದ ಅಳತೆಗಳು

ಪ್ರಾಣಿ ತನ್ನ ನೋವನ್ನು ಹೇಳಲಾರದು. ಆದರೆ ಅದರ ಒಸಡು, ನಾಡಿ, ಉಸಿರು, ಮೈಬಿಸಿ ಹೇಳುತ್ತವೆ. ಇವನ್ನು ನೋಡಲು ಯಂತ್ರ ಬೇಕಿಲ್ಲ. ಜ್ವರಮಾಪಕವೊಂದು ಇದ್ದರೆ ಸಾಕು.

ತುಟಿಯನ್ನು ಮೇಲೆತ್ತಿ ಒಸಡು ನೋಡಿ. ಆರೋಗ್ಯವಂತ ನಾಯಿಯ ಒಸಡು ತೆಳುಗುಲಾಬಿ. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಅಥವಾ ರಕ್ತಪರಿಚಲನೆ ಕುಸಿದಿದೆ. ನೀಲಿಯಾಗಿದ್ದರೆ ಆಮ್ಲಜನಕ ಸಾಲದು. ಇಟ್ಟಿಗೆ ಕೆಂಪಾಗಿದ್ದರೆ ಬಿಸಿಲಿನ ಹೊಡೆತ ಅಥವಾ ತೀವ್ರ ಸೋಂಕು. ಹಳದಿಯಾಗಿದ್ದರೆ ಕಾಮಾಲೆ. ಅದೇ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ತಡವಾದರೆ ರಕ್ತ ಅಂಚಿನ ಅಂಗಗಳನ್ನು ತಲುಪುತ್ತಿಲ್ಲ. ಇದನ್ನೇ ವೈದ್ಯರು ‘ಆಘಾತ’ ಎನ್ನುವುದು. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪಾಗಿರುತ್ತದೆ. ಅಂಥವುಗಳಲ್ಲಿ ಕೆಳರೆಪ್ಪೆಯ ಒಳಭಾಗದ ಬಣ್ಣ ನೋಡಬೇಕು.

ನಾಡಿ ಸಿಗುವುದು ಹಿಂಗಾಲಿನ ತೊಡೆಯ ಒಳಭಾಗದಲ್ಲಿ. ದೊಡ್ಡ ನಾಯಿಯಲ್ಲಿ ನಿಮಿಷಕ್ಕೆ 60ರಿಂದ 100, ಚಿಕ್ಕದರಲ್ಲಿ 140ರವರೆಗೆ, ಬೆಕ್ಕಿನಲ್ಲಿ 140ರಿಂದ 220. ಮಲಗಿರುವಾಗ ಉಸಿರು ನಿಮಿಷಕ್ಕೆ 10ರಿಂದ 30. ಗುದದ್ವಾರದಲ್ಲಿ ಅಳೆದ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರ ಲೆಕ್ಕದಲ್ಲಿ ಇದು ಜ್ವರವೆನಿಸಿದರೂ ನಾಯಿಗೆ ಸಹಜ.

ನಿಮ್ಮ ನಾಯಿ ಆರೋಗ್ಯವಾಗಿರುವಾಗಲೇ ಇವನ್ನು ನಾಲ್ಕಾರು ಸಲ ನೋಡಿ ಅಭ್ಯಾಸ ಮಾಡಿಕೊಳ್ಳಿ. ಸಹಜ ಹೇಗಿರುತ್ತದೆ ಎಂದು ತಿಳಿಯದವರಿಗೆ ಅಸಹಜ ಕಂಡರೂ ಗೊತ್ತಾಗದು.

ಬಾಯಿಗೆ ಏನೂ ಹಾಕಬಾರದೇಕೆ?

ವಿಷ ತಿಂದ ಪ್ರಾಣಿಗೆ ಏನಾದರೂ ಕುಡಿಸಿ ವಾಂತಿ ಮಾಡಿಸಬೇಕು ಎಂಬ ನಂಬಿಕೆ ಹಳ್ಳಿ ನಗರಗಳೆರಡರಲ್ಲೂ ಗಟ್ಟಿಯಾಗಿದೆ. ವೈದ್ಯರೂ ಕೆಲವು ಸಲ ವಾಂತಿ ಮಾಡಿಸುತ್ತಾರೆ, ನಿಜ. ಆದರೆ ವಿಷ ಹೊಟ್ಟೆ ಸೇರಿ ಹೆಚ್ಚು ಸಮಯವಾಗಿಲ್ಲದಿದ್ದರೆ, ಪ್ರಾಣಿ ಪೂರ್ಣ ಎಚ್ಚರವಿದ್ದರೆ, ತಿಂದದ್ದು ಆಮ್ಲವಾಗಲಿ ಸೀಮೆ ಎಣ್ಣೆಯಂಥ ದ್ರಾವಕವಾಗಲಿ ಅಲ್ಲದಿದ್ದರೆ ಮಾತ್ರ, ಚುಚ್ಚುಮದ್ದು ಕೊಟ್ಟು. ಮೋತಿಯ ಸ್ಥಿತಿ ಬೇರೆ. ಅದರ ಸ್ನಾಯುಗಳು ಅದುರುತ್ತಿವೆ, ನುಂಗುವ ಹಿಡಿತ ತಪ್ಪಿದೆ. ಈಗ ಬಾಯಿಗೆ ಸುರಿದದ್ದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ವಿಷದಿಂದ ಉಳಿದ ನಾಯಿ ಮೂರು ದಿನದ ನಂತರ ನ್ಯುಮೋನಿಯಾದಿಂದ ಸಾಯುವುದು ಹೀಗೆ. ಕೀಟನಾಶಕದಲ್ಲಿ ಬೆರೆಸಿರುವ ದ್ರಾವಕವೂ ವಾಂತಿಯ ಜತೆ ಶ್ವಾಸಕೋಶಕ್ಕೆ ಇಳಿದರೆ ಅದನ್ನು ಸುಡುತ್ತದೆ.

ಉಪ್ಪುನೀರು ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಹುಣಸೆ ನೀರಿನದು ಇನ್ನೊಂದು ಬಗೆಯ ಅಪಾಯ. ದ್ರಾಕ್ಷಿ ಮತ್ತು ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬುದಕ್ಕೆ ಈಚಿನ ವರ್ಷಗಳಲ್ಲಿ ಆಧಾರಗಳು ಸಿಕ್ಕಿವೆ.

ಹಾಲಿನ ಬಗ್ಗೆಯೂ ಎಚ್ಚರ ಬೇಕು. ಇಲಿ ಪಾಷಾಣಗಳಲ್ಲಿ ಒಂದಾದ ಸತುವಿನ ಫಾಸ್ಫೈಡ್ ಜಠರದ ಆಮ್ಲದೊಡನೆ ಸೇರಿದಾಗ ಫಾಸ್ಫೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಹೊಟ್ಟೆಗೆ ಆಹಾರ ಬಿದ್ದರೆ ಆಮ್ಲ ಹೆಚ್ಚು ಸ್ರವಿಸುತ್ತದೆ, ಅನಿಲವೂ ಹೆಚ್ಚುತ್ತದೆ. ಪ್ರೀತಿಯಿಂದ ತಿನ್ನಿಸಿದ ಹಾಲು ಅನ್ನವೇ ಇಲ್ಲಿ ವಿಷಕ್ಕೆ ನೆರವಾಗುತ್ತದೆ. ಅಂಥ ನಾಯಿ ಮುಚ್ಚಿದ ಕೋಣೆಯಲ್ಲಿ ವಾಂತಿ ಮಾಡಿದರೆ ಆ ಅನಿಲ ವೈದ್ಯರಿಗೂ ಮನೆಯವರಿಗೂ ಅಪಾಯ. ಕಿಟಕಿ ಬಾಗಿಲು ತೆರೆದಿಡಬೇಕು.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಏನು? ಮೈಮೇಲೆ ಎಣ್ಣಿ ಚೆಲ್ಲಿದ್ದರೆ ಕೈಗವಸು ಅಥವಾ ಪ್ಲಾಸ್ಟಿಕ್ ಚೀಲ ಕೈಗೆ ಹಾಕಿಕೊಂಡು ಸಾಬೂನು ನೀರಿನಿಂದ ತೊಳೆಯಿರಿ. ಕುತ್ತಿಗೆ ಚಾಚಿದಂತೆ ಪಕ್ಕಕ್ಕೆ ಮಲಗಿಸಿ. ಜೊಲ್ಲು ಹೊರಗೆ ಹರಿಯಲಿ. ಕಂಬಳಿಯನ್ನೋ ಹಲಗೆಯನ್ನೋ ತೊಟ್ಟಿಲಿನಂತೆ ಹಿಡಿದು ಎತ್ತಿ. ವಾಹನ ಬಡಿದ ನಾಯಿಗೂ ಇದೇ ಕ್ರಮ. ನೋವಿನಲ್ಲಿರುವ ಪ್ರಾಣಿ ಒಡೆಯನನ್ನೂ ಕಚ್ಚುತ್ತದೆ, ಆದ್ದರಿಂದ ಅರಿವೆಯಿಂದ ಮೂತಿ ಕಟ್ಟಬಹುದು. ಆದರೆ ವಾಂತಿ ಮಾಡುತ್ತಿರುವ, ಉಸಿರಿಗೆ ಕಷ್ಟಪಡುತ್ತಿರುವ ಪ್ರಾಣಿಯ ಮೂತಿ ಕಟ್ಟಕೂಡದು. ಹೊರಡುವ ಮೊದಲು ಫೋನ್ ಮಾಡಿ. ನೀವು ದಾರಿಯಲ್ಲಿರುವಾಗ ವೈದ್ಯರು ಔಷಧಿ, ಆಮ್ಲಜನಕ ಸಿದ್ಧಮಾಡಿಕೊಳ್ಳುತ್ತಾರೆ.

ಮೇಜಿನ ಮೇಲೆ ಮೊದಲ ಹತ್ತು ನಿಮಿಷ

ಮಾಮೂಲಿ ಚಿಕಿತ್ಸೆಯಲ್ಲಿ ಮೊದಲು ರೋಗ ಯಾವುದೆಂದು ಪತ್ತೆಹಚ್ಚಿ ನಂತರ ಔಷಧಿ ಕೊಡುತ್ತಾರೆ. ತುರ್ತು ಚಿಕಿತ್ಸೆಯಲ್ಲಿ ಈ ಕ್ರಮ ತಿರುವುಮುರುವು. ಮೊದಲು ಪ್ರಾಣ ಹಿಡಿದಿಡುವುದು, ನಂತರ ಕಾರಣ ಹುಡುಕುವುದು. ವೈದ್ಯರು ಮೂರು ವ್ಯವಸ್ಥೆಗಳನ್ನು ಈ ಕ್ರಮದಲ್ಲಿ ನೋಡುತ್ತಾರೆ: ಉಸಿರಾಟ, ರಕ್ತಪರಿಚಲನೆ, ಮಿದುಳು. ಉಸಿರಿನ ದಾರಿ ಮುಚ್ಚಿದ್ದರೆ ಮುರಿದ ಕಾಲಿಗೆ ಪಟ್ಟಿ ಕಟ್ಟಿ ಫಲವಿಲ್ಲ. ಕಾಲಿನಿಂದ ರಕ್ತ ಸುರಿಯುತ್ತ ಅರಚುವ ನಾಯಿಯನ್ನು ಬಿಟ್ಟು, ಪಕ್ಕದಲ್ಲಿ ಸದ್ದಿಲ್ಲದೆ ಬಾಯಿ ತೆರೆದು ಉಸಿರಾಡುವ ಬೆಕ್ಕನ್ನು ವೈದ್ಯರು ಮೊದಲು ಎತ್ತಿಕೊಂಡರೆ ಆಶ್ಚರ್ಯಪಡಬೇಡಿ. ಬಾಯಿ ತೆರೆದು ಉಸಿರಾಡುವ ಬೆಕ್ಕು ಬಹುಮಟ್ಟಿಗೆ ಕೊನೆಯ ಹಂತದಲ್ಲಿರುತ್ತದೆ.

ಮುಂಗಾಲಿನ ಅಭಿಧಮನಿಗೆ ಒಂದು ನಳಿಕೆ ಹಾಕುವುದು ಮುಂದಿನ ಕೆಲಸ. ರಕ್ತದೊತ್ತಡ ಕುಸಿದ ಮೇಲೆ ಅಭಿಧಮನಿ ಸಿಗುವುದೇ ಕಷ್ಟ, ಆದ್ದರಿಂದ ಅವಸರ. ನಂತರ ತೂಕ. ಪಶುವೈದ್ಯರ ಔಷಧಿಯ ಲೆಕ್ಕವೆಲ್ಲ ತೂಕದ ಮೇಲೆ ನಿಂತಿದೆ. ನಾಯಿಯ ದೇಹದಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 85 ಮಿಲಿಲೀಟರ್ ರಕ್ತವಿರುತ್ತದೆ. 20 ಕಿಲೋ ತೂಗುವ ಮೋತಿಯಲ್ಲಿ ಹೆಚ್ಚು ಕಡಿಮೆ 1.7 ಲೀಟರ್. ಬೆಕ್ಕಿನಲ್ಲಿ ಕಿಲೋಗೆ ಸುಮಾರು 60 ಮಿಲಿಲೀಟರ್. ಎಂದರೆ 3 ಕಿಲೋ ಬೆಕ್ಕಿನ ಒಟ್ಟು ರಕ್ತ ಒಂದು ಲೋಟದಷ್ಟು. ನೆಲದ ಮೇಲೆ ಚೆಲ್ಲಿದ ನಾಲ್ಕು ಚಮಚ ರಕ್ತ ನಮಗೆ ಅಲ್ಪವೆನಿಸಬಹುದು. ಬೆಕ್ಕಿಗೆ ಅದು ಮೂರನೆಯ ಒಂದು ಭಾಗಕ್ಕೆ ಹತ್ತಿರ.

ಹೃದಯವೇ ನಿಂತರೆ? ನಾಯಿಯನ್ನು ಪಕ್ಕಕ್ಕೆ ಮಲಗಿಸಿ ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು. ಎದೆಯ ಅಗಲದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತಗ್ಗುವಷ್ಟು ಆಳವಾಗಿ. ಸಾಕುಪ್ರಾಣಿಗಳಿಗೆ ಈ ಕ್ರಮವನ್ನು ಆಧಾರಸಹಿತವಾಗಿ ರೂಪಿಸಿದ ಅಂತಾರಾಷ್ಟ್ರೀಯ ಮಾರ್ಗಸೂಚಿ ಮೊದಲು ಬಂದದ್ದು 2012ರಲ್ಲಿ, ಪರಿಷ್ಕರಣೆಯಾದದ್ದು 2024ರಲ್ಲಿ.

ಎಣ್ಣಿ ಒಳಗೆ ಮಾಡುವುದೇನು?

ಮೋತಿ ನೆಕ್ಕಿದ್ದು ಆರ್ಗನೋಫಾಸ್ಫೇಟ್ ವರ್ಗದ ಕೀಟನಾಶಕ ಎಂದಿಟ್ಟುಕೊಳ್ಳಿ. ನರದಿಂದ ಸ್ನಾಯುವಿಗೆ, ಗ್ರಂಥಿಗೆ ಸುದ್ದಿ ಒಯ್ಯುವ ರಾಸಾಯನಿಕ ಅಸಿಟೈಲ್‌ಕೋಲಿನ್. ಸುದ್ದಿ ತಲುಪಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದು ಹಾಕುತ್ತದೆ. ಇಲ್ಲವಾದರೆ ಗಂಟೆ ಬಾರಿಸಿದ ಮೇಲೂ ಗುಂಡಿಯಿಂದ ಬೆರಳು ತೆಗೆಯದಂತೆ ಸುದ್ದಿ ಹೋಗುತ್ತಲೇ ಇರುತ್ತದೆ. ಕೀಟನಾಶಕ ಈ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಆಗ ಜೊಲ್ಲು, ಕಣ್ಣೀರು, ಮೂತ್ರ, ಭೇದಿ ಎಲ್ಲವೂ ತಡೆಯಿಲ್ಲದೆ ಹರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಸ್ನಾಯು ಅದುರಿ ಅದುರಿ ಸೋಲುತ್ತದೆ. ಕೊಲ್ಲುವುದು ಮಾತ್ರ ಶ್ವಾಸಕೋಶದಲ್ಲಿ ತುಂಬುವ ದ್ರವ ಮತ್ತು ಉಸಿರಾಟದ ಸ್ನಾಯುಗಳ ಸೋಲು.

ಇದಕ್ಕೆ ಅಟ್ರೊಪಿನ್ ಮದ್ದು. ಅದು ಗ್ರಂಥಿಗಳ ಬಾಗಿಲಲ್ಲಿ ಅಡ್ಡ ನಿಂತು ಅಸಿಟೈಲ್‌ಕೋಲಿನ್‌ನ ಸುದ್ದಿ ಒಳಹೋಗದಂತೆ ತಡೆಯುತ್ತದೆ. ಶ್ವಾಸಕೋಶ ಒಣಗುತ್ತದೆ, ಉಸಿರು ಸರಾಗವಾಗುತ್ತದೆ. ಎಷ್ಟು ಕೊಟ್ಟರೆ ಸಾಕು ಎಂಬುದನ್ನು ವೈದ್ಯರು ಕಣ್ಣಿನ ಪಾಪೆ ನೋಡಿ ನಿರ್ಧರಿಸುವುದಿಲ್ಲ. ಸ್ಟೆತಾಸ್ಕೋಪಿನಲ್ಲಿ ಗುಳುಗುಳು ಸದ್ದು ನಿಂತಿತೇ ಎಂದು ಕೇಳುತ್ತಾರೆ. ಆದರೆ ಸ್ನಾಯುಗಳ ನಡುಕಕ್ಕೆ ಅಟ್ರೊಪಿನ್ ನಾಟುವುದಿಲ್ಲ. ಅದಕ್ಕೆ ಪ್ರಾಲಿಡಾಕ್ಸಿಮ್ ಬೇಕು. ಇದು ಕಿಣ್ವಕ್ಕೆ ಅಂಟಿದ ವಿಷವನ್ನು ಕಿತ್ತು ತೆಗೆಯುತ್ತದೆ. ಸಮಯ ಕಳೆದಂತೆ ಆ ಅಂಟು ಬಿಡಿಸಲಾಗದಷ್ಟು ಬಿಗಿಯಾಗುತ್ತದೆ, ಆಮೇಲೆ ಕೊಟ್ಟ ಮದ್ದು ವ್ಯರ್ಥ. “ಎಷ್ಟೊತ್ತಾತು?” ಎಂಬ ಪ್ರಶ್ನೆಯ ಅರ್ಥ ಇದು.

ಡಬ್ಬಿ ಏಕೆ ಬೇಕು? ಹೊಲಕ್ಕೆ ಹೊಡೆಯುವ ಎಲ್ಲ ಎಣ್ಣಿಯೂ ಒಂದೇ ವರ್ಗದ್ದಲ್ಲ. ಕಾರ್ಬಮೇಟ್ ವರ್ಗದಲ್ಲಿ ಕಿಣ್ವ ತಾನಾಗಿ ಬಿಡಿಸಿಕೊಳ್ಳುವುದರಿಂದ ಪ್ರಾಲಿಡಾಕ್ಸಿಮ್ ಸಾಮಾನ್ಯವಾಗಿ ಬೇಕಾಗದು. ಪೈರೆತ್ರಾಯ್ಡ್ ವರ್ಗಕ್ಕೆ ಪ್ರತಿವಿಷವೇ ಇಲ್ಲ. ನಡುಕ ತಡೆದು ಕಾಯಬೇಕು. ನಮ್ಮ ದೇಶದಲ್ಲಿ ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕೃತಿಯ ಗುರುತು ಕಡ್ಡಾಯ. ಅದರ ಕೆಳಭಾಗದ ಬಣ್ಣ ಕೆಂಪಾದರೆ ಅತಿ ಘೋರ ವಿಷ, ನಂತರ ಹಳದಿ, ನೀಲಿ, ಹಸಿರು. ಜತೆಗೆ ರಾಸಾಯನಿಕದ ಹೆಸರು ಮತ್ತು ಪ್ರತಿವಿಷದ ವಿವರ ಅಚ್ಚಾಗಿರುತ್ತದೆ. ಡಬ್ಬಿ ತರಲಾಗದಿದ್ದರೆ ಮೊಬೈಲಿನಲ್ಲಿ ಚೀಟಿಯ ಫೋಟೊ ತೆಗೆದು ಕಳಿಸಿದರೂ ನಡೆಯುತ್ತದೆ.

ಇಲಿ ಪಾಷಾಣ, ಹಾವು, ಬಿಸಿಲು

ಇಲಿಗೆ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆಗಳು ಮೋಸಗಾರ ವಿಷ. ತಿಂದ ದಿನ ನಾಯಿ ಚೆನ್ನಾಗಿಯೇ ಇರುತ್ತದೆ. ಈ ವಿಷ ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಮರುಬಳಕೆಯಾಗದಂತೆ ತಡೆಯುತ್ತದೆ. ದೇಹದಲ್ಲಿದ್ದ ಸಂಗ್ರಹ ಮುಗಿದ ಮೇಲೆ, ಎರಡರಿಂದ ಐದು ದಿನಗಳಲ್ಲಿ, ಎದೆಯಲ್ಲಿ ಹೊಟ್ಟೆಯಲ್ಲಿ ರಕ್ತ ಸೋರುತ್ತದೆ. ತಿಂದದ್ದು ಕಂಡ ದಿನವೇ ಬಂದರೆ ವಿಟಮಿನ್ ಕೆ1 ಮಾತ್ರೆಯಿಂದ ಪ್ರಾಣ ಉಳಿಯುತ್ತದೆ. ಆದರೆ ವಾರಗಟ್ಟಲೆ ಕೊಡಬೇಕು, ನಡುವೆ ನಿಲ್ಲಿಸಬಾರದು.

ಹಾವು ಕಡಿತಕ್ಕೆ ನಾಯಿಗೂ ಮನುಷ್ಯರಿಗೂ ಒಂದೇ ಪ್ರತಿವಿಷ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಕುದುರೆಯಲ್ಲಿ ತಯಾರಿಸಿದ್ದು. ಇಲ್ಲಿ ಮಾತ್ರ ತೂಕದ ಲೆಕ್ಕ ನಡೆಯುವುದಿಲ್ಲ. ಹಾವು ಚುಚ್ಚಿದ ವಿಷವನ್ನು ಅಳಿಸಬೇಕಾದ್ದರಿಂದ ಚಿಕ್ಕ ನಾಯಿಗೂ ಹಲವು ಸೀಸೆ ಬೇಕಾಗಬಹುದು. ಮಂಡಲದ ಕಡಿತ ಹೌದೋ ಅಲ್ಲವೋ ತಿಳಿಯಲು ವೈದ್ಯರು ಒಣ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷವೇರಿದೆ. ಕಡಿದ ಜಾಗದ ಮೇಲೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡ. ಪ್ರಾಣಿಯನ್ನು ನಡೆಸದೆ ಎತ್ತಿಕೊಂಡು ಬನ್ನಿ.

ಏಪ್ರಿಲ್ ಮೇ ಬಿಸಿಲಿನಲ್ಲಿ ಕಟ್ಟಿಹಾಕಿದ ನಾಯಿಗೆ ಬೆವರಿ ತಣಿಯುವ ಸೌಲಭ್ಯವಿಲ್ಲ. ನಾಲಿಗೆ ಚಾಚಿ ಏದುವುದೊಂದೇ ದಾರಿ. ಪಗ್‌ನಂತಹ ಚಪ್ಪಟೆ ಮುಖದ ತಳಿಗಳಿಗೆ ಅದೂ ಕಷ್ಟ. ಮೈಬಿಸಿ 106 ಡಿಗ್ರಿಯ ಹತ್ತಿರ ಹೋದರೆ ಮಿದುಳು, ಮೂತ್ರಪಿಂಡ, ಕರುಳು ಹಾಳಾಗತೊಡಗುತ್ತವೆ. ಇಲ್ಲಿ ನಿಯಮ ಬೇರೆ: ಮೊದಲು ತಣಿಸಿ, ನಂತರ ಸಾಗಿಸಿ. ನಲ್ಲಿ ನೀರು ಸುರಿದು ಗಾಳಿ ಬೀಸಿ. 103 ಡಿಗ್ರಿಗೆ ಇಳಿದ ಕೂಡಲೇ ನಿಲ್ಲಿಸಿ; ಇಲ್ಲವಾದರೆ ಮೈ ಅತಿಯಾಗಿ ತಣ್ಣಗಾಗುತ್ತದೆ.

ಪ್ರಾಣಿಗೊಂದು ದೇಹಧರ್ಮ

ಮನೆಯ ಔಷಧಿ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕ. ಆ ಔಷಧಿಯನ್ನು ಸುರಕ್ಷಿತವಾಗಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಅರ್ಧ ಮಾತ್ರೆಯೂ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸಿ ಒಸಡು ಕಂದು ಬಣ್ಣಕ್ಕೆ ತಿರುಗುವಂತೆ ಮಾಡಬಲ್ಲದು. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆತ್ರಿನ್ ಔಷಧಿಯೂ ಬೆಕ್ಕಿಗೆ ವಿಷ. ರಕ್ತ ಕೊಡುವಾಗಲೂ ವ್ಯತ್ಯಾಸವಿದೆ. ನಾಯಿಗೆ ಮೊದಲ ಸಲ ಇನ್ನೊಂದು ನಾಯಿಯ ರಕ್ತ ಕೊಟ್ಟಾಗ ತೀವ್ರ ಪ್ರತಿಕ್ರಿಯೆ ಅಪರೂಪ. ಬೆಕ್ಕಿನಲ್ಲಿ ಹುಟ್ಟಿನಿಂದಲೇ ಪ್ರತಿಕಾಯಗಳಿರುವುದರಿಂದ ಗುಂಪು ನೋಡದೆ ಕೊಡುವಂತಿಲ್ಲ.

ನಮ್ಮ ಸೀಮೆಯ ಮುಧೋಳ ನಾಯಿಯ ವಿಷಯವನ್ನೂ ಹೇಳಬೇಕು. ಗ್ರೇಹೌಂಡ್‌ನಂತೆ ಓಟಕ್ಕೆ ಹೇಳಿಮಾಡಿಸಿದ ಈ ಬಗೆಯ ನಾಯಿಗಳಲ್ಲಿ ಕೊಬ್ಬು ಬಹಳ ಕಡಿಮೆ. ಗ್ರೇಹೌಂಡ್‌ಗಳಿಗೆ ಥಯೋಪೆಂಟಾಲ್ ಅರಿವಳಿಕೆ ಕೊಟ್ಟರೆ ಎಚ್ಚರವಾಗಲು ತೀರ ತಡವಾಗುತ್ತದೆ. ಅದೇ ಮೈಕಟ್ಟಿನ ಮುಧೋಳಕ್ಕೆ ಶಸ್ತ್ರಚಿಕಿತ್ಸೆ ಮಾಡುವಾಗಲೂ ವೈದ್ಯರು ಬೇರೆ ಅರಿವಳಿಕೆ ಆರಿಸಿಕೊಳ್ಳುವುದು ಇದಕ್ಕಾಗಿ.

ವೈದ್ಯರ ಕೈಗೂ ಅಪಾಯವಿದೆ

“ನಾಯಿ ಗಂಟಲಾಗ ಎಲುಬ ಸಿಕ್ಕೈತ್ರಿ, ತಗದ ಕೊಡ್ರಿ.” ಪಶುವೈದ್ಯರ ಕಿವಿ ನಿಮಿರುವುದು ಈ ಮಾತಿಗೆ. ಎಲುಬು ಸಿಕ್ಕಿರಲೂಬಹುದು. ಆದರೆ ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿದು, ನುಂಗಲಾರದೆ ಇರುವುದು ಹುಚ್ಚುನಾಯಿ ರೋಗದ ಲಕ್ಷಣವೂ ಹೌದು. ಈ ರೋಗ ಬಂದ ನಾಯಿ ಎಲ್ಲರ ಮೇಲೂ ಎರಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೂಲೆಯಲ್ಲಿ ಮೌನವಾಗಿ ಬಿದ್ದಿರುವ ಬಗೆಯೂ ಇದೆ. ಮನೆಯವರು ಕನಿಕರದಿಂದ ಬಾಯಿಗೆ ಕೈಹಾಕಿ ಎಲುಬು ಹುಡುಕುತ್ತಾರೆ. ಕೈಮೇಲಿನ ಚಿಕ್ಕ ಗಾಯದಿಂದ ವೈರಸ್ ಒಳಸೇರುತ್ತದೆ. ಲಕ್ಷಣ ತೋರಿದ ಮೇಲೆ ಮನುಷ್ಯರಲ್ಲಾಗಲಿ ಪ್ರಾಣಿಗಳಲ್ಲಾಗಲಿ ಈ ರೋಗಕ್ಕೆ ಚಿಕಿತ್ಸೆ ಇಲ್ಲ ಎನ್ನಬೇಕು.

ಆದ್ದರಿಂದ ವೈದ್ಯರು ಕೈಗವಸು ಹಾಕಿ, ಲಸಿಕೆಯ ಚೀಟಿ ಕೇಳಿ, ಯಾರಿಗಾದರೂ ಕಚ್ಚಿದೆಯೇ ಎಂದು ವಿಚಾರಿಸಿದರೆ ಬೇಸರಿಸಬೇಡಿ. ಪಶುವೈದ್ಯರು, ಅವರ ಸಹಾಯಕರು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಂಡಿರಬೇಕು. ಆದರೂ ಕಚ್ಚಿಸಿಕೊಂಡಾಗ ಮತ್ತೆ ಎರಡು ಸಲ ಚುಚ್ಚಿಸಿಕೊಳ್ಳಬೇಕಾಗುತ್ತದೆ. ಯಾರಿಗೇ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಯಿಯಿಂದ ಹರಡುವ ಈ ರೋಗವನ್ನು 2030ರೊಳಗೆ ನಿವಾರಿಸುವ ಗುರಿಯ ರಾಷ್ಟ್ರೀಯ ಕಾರ್ಯಯೋಜನೆಯನ್ನು ಭಾರತ 2021ರಲ್ಲಿ ಪ್ರಕಟಿಸಿತು. ಆ ಗುರಿಯ ಭಾರ ಬಿದ್ದಿರುವುದು ಪ್ರತಿ ವರ್ಷ ತಪ್ಪದೆ ಹಾಕಿಸುವ ಲಸಿಕೆಯ ಮೇಲೆ.

ಈ ವೈದ್ಯರು ಯಾರು?

ಜಗತ್ತಿನ ಮೊದಲ ಪಶುವೈದ್ಯ ಶಾಲೆ ಫ್ರಾನ್ಸಿನ ಲಿಯೋನ್ ನಗರದಲ್ಲಿ 1761ರಲ್ಲಿ ಆರಂಭವಾಯಿತು. ಕುದುರೆ, ದನಗಳ ರೋಗವೇ ಆಗಿನ ಚಿಂತೆ. ಸಾಕುಪ್ರಾಣಿಗಳ ತುರ್ತು ಚಿಕಿತ್ಸೆ ಪ್ರತ್ಯೇಕ ವಿಶೇಷ ಶಾಖೆಯಾಗಿ ಅಮೆರಿಕದಲ್ಲಿ ಮನ್ನಣೆ ಪಡೆದದ್ದು 1989ರಲ್ಲಿ ಮಾತ್ರ. ನಮ್ಮಲ್ಲಿ ಐದೂವರೆ ವರ್ಷದ ಪದವಿ ಮುಗಿಸಿದ ಪಶುವೈದ್ಯರು ಎಮ್ಮೆಯ ಹೆರಿಗೆ, ಕುರಿಯ ರೋಗ, ಕೋಳಿಯ ಲಸಿಕೆಯ ಜತೆಗೇ ನಾಯಿಯ ಶಸ್ತ್ರಚಿಕಿತ್ಸೆಯನ್ನೂ ಕಲಿತಿರುತ್ತಾರೆ. ಬೆಳಿಗ್ಗೆ 400 ಕಿಲೋ ಎಮ್ಮೆ ನೋಡಿದವರು ಸಂಜೆ 3 ಕಿಲೋ ಬೆಕ್ಕಿಗೆ ಔಷಧಿ ಅಳೆಯಬೇಕು. ಹಳ್ಳಿಯಲ್ಲಿ ಬಹಳ ಸಲ ಅವರು ಒಬ್ಬಂಟಿ. ನಾಯಿ ಹಿಡಿಯುವವರು, ಸಲೈನ್ ಬಾಟಲಿ ಎತ್ತಿ ನಿಲ್ಲುವವರು ಮನೆಯವರೇ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಾಯಿತ ವೈದ್ಯರು ಮಾತ್ರ ಚಿಕಿತ್ಸೆ ನೀಡಬಹುದು. ಸಹಾಯಕ ಸಿಬ್ಬಂದಿ ಅವರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಒದಗಿಸಬಹುದು.

ಜಾನುವಾರುಗಳ ತುರ್ತಿಗೆ ಈಗ 1962 ಎಂಬ ಉಚಿತ ದೂರವಾಣಿ ಸಂಖ್ಯೆ ಇದೆ. ಕೇಂದ್ರದ ಯೋಜನೆಯಡಿ ಒಂದು ಲಕ್ಷ ಜಾನುವಾರುಗಳಿಗೆ ಒಂದರಂತೆ ಸಂಚಾರಿ ಪಶುಚಿಕಿತ್ಸಾ ವಾಹನ. ಅದರಲ್ಲಿ ಒಬ್ಬ ವೈದ್ಯ, ಒಬ್ಬ ಸಹಾಯಕ, ಒಬ್ಬ ಚಾಲಕ. ಕರ್ನಾಟಕಕ್ಕೆ ಇಂಥ 275 ವಾಹನಗಳು ಬಂದಿವೆ. ಇದು ಮುಖ್ಯವಾಗಿ ದನಕರುಗಳಿಗೆ ರೂಪಿಸಿದ ಸೇವೆ. ನಾಯಿ ಬೆಕ್ಕಿಗೆ, ಅದರಲ್ಲೂ ರಾತ್ರಿಯಲ್ಲಿ, ಯಾರು ಸಿಗುತ್ತಾರೆ ಎಂಬುದನ್ನು ಪ್ರತಿ ಊರಿನವರೂ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಸುಳ್ಳದವರಿಗೆ ಹುಬ್ಬಳ್ಳಿ ಹತ್ತಿರ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಹುಬ್ಬಳ್ಳಿಯಿಂದ ಸುಮಾರು 60 ಕಿಲೋಮೀಟರ್ ದೂರದ ಗದಗದಲ್ಲಿದೆ.

ಇಂದೇ ಮಾಡಿಡಬೇಕಾದದ್ದು

ಒಂದು ಕಾಗದದ ಮೇಲೆ ಹತ್ತಿರದ ಪಶು ಆಸ್ಪತ್ರೆಯ ಸಂಖ್ಯೆ, ರಾತ್ರಿ ಫೋನ್ ಎತ್ತುವ ವೈದ್ಯರ ಸಂಖ್ಯೆ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಟಂಟಂ ಚಾಲಕರ ಸಂಖ್ಯೆ, ನಾಯಿಯ ತೂಕ, ಲಸಿಕೆ ಹಾಕಿಸಿದ ದಿನಾಂಕ ಬರೆದು ಗೋಡೆಗೆ ಅಂಟಿಸಿ. ತೂಕ ನೋಡುವುದು ಸುಲಭ. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಂದ ಅಂಕಿಯಿಂದ ನಿಮ್ಮ ತೂಕ ಕಳೆಯಿರಿ. ಎಣ್ಣಿ ಡಬ್ಬಿಗೆ ಬೀಗವಿರುವ ಪೆಟ್ಟಿಗೆ ಮಾಡಿಸಿ. ಎಣ್ಣಿ ಕಲಸುವ ಬಕೆಟ್ಟು ಬೇರೆ ಯಾವುದಕ್ಕೂ ಬಳಕೆಯಾಗದಿರಲಿ. ಅದನ್ನು ಹೊಲದಲ್ಲೇ, ಬಾವಿ ಹಳ್ಳಗಳಿಂದ ದೂರದಲ್ಲಿ ತೊಳೆದು ಬೋರಲು ಹಾಕಿ ಬನ್ನಿ. ಆ ಬಕೆಟ್ಟಿನ ಹತ್ತಿರ ನಾಯಿಯಷ್ಟೇ ಅಲ್ಲ, ಕರುವೂ ಕೂಸೂ ಓಡಾಡುತ್ತವೆ.

ಮತ್ತೆ ಮೋತಿಯ ಕಡೆಗೆ ಬರೋಣ. ಅದರ ಬಾಯಿಗೆ ಯಾರೂ ಏನೂ ಸುರಿಯಲಿಲ್ಲ. ಡಬ್ಬಿ ಜತೆಗೆ ಬಂದಿತ್ತು, ವೈದ್ಯರು ಅಟ್ರೊಪಿನ್ ತುಂಬಿಕೊಂಡು ಕಾದಿದ್ದರು. ಇಂಥ ನಾಯಿ ಉಳಿಯುವ ಸಂಭವ ಚೆನ್ನಾಗಿರುತ್ತದೆ. ಆದರೂ ರಾತ್ರಿಯಿಡೀ ಯಾರಾದರೂ ಪಕ್ಕದಲ್ಲಿರಬೇಕು. ಅಟ್ರೊಪಿನ್ನಿನ ಪರಿಣಾಮ ಇಳಿದಾಗ ಶ್ವಾಸಕೋಶದಲ್ಲಿ ದ್ರವ ಮತ್ತೆ ತುಂಬಬಹುದು. ಆಗ ಮತ್ತೊಂದು ಚುಚ್ಚುಮದ್ದು ಬೇಕಾಗುತ್ತದೆ. ಸುಳ್ಳದ ಅಂಗಳದಲ್ಲಿ ಮಾಡಿದ ಒಂದು ಫೋನು, ಹುಡುಕಿ ತಂದ ಒಂದು ಡಬ್ಬಿ, ತಡೆಹಿಡಿದ ಒಂದು ಲೋಟ ಹುಣಸೆ ನೀರು. ವೈದ್ಯರು ಮುಟ್ಟುವ ಮೊದಲೇ ಮೋತಿಗೆ ಸಿಕ್ಕ ಚಿಕಿತ್ಸೆ ಇಷ್ಟು. ಇದನ್ನು ಕೊಡಲು ಪದವಿ ಬೇಕಿಲ್ಲ, ಮೊದಲೇ ತಿಳಿದಿರಬೇಕು ಅಷ್ಟೆ.